ಹಲಗೆ ಎಳೆಯುವ ಮೊದಲು

ಈ ಸಲದ ಮೇ ತಿಂಗಳಲ್ಲಿ ಕೆರಳಿ ಬಂದ ಹೊಳೆಯನ್ನು ಗುಲ್ವಾಡಿಯ ಕೆಳಗೆ ನಾನೊಬ್ಬನೇ ತಡೆದು ನಿಲ್ಲಿಸಿದ್ದೇನೆ. ಕೈ ಅಡ್ಡ ಹಿಡಿಯಲಿಲ್ಲ, ಬೆವರೂ ಬರಲಿಲ್ಲ. ಘಟ್ಟದಿಂದ ಇಳಿದ ನೀರು ನನ್ನ ಅಪ್ಪಣೆಗೆ ಕಾದು ನಿಂತಿತ್ತು. ಅತ್ತ ಕೋಡಿಯಲ್ಲಿ ಸಮುದ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಿತ್ತು. ನಂಬದವರು ಸೂರಣ್ಣನನ್ನು ಕೇಳಿ. ಅವರು ಸುಳ್ಳು ಹೇಳುವವರಲ್ಲ; ಆ ಕೊರತೆ ತುಂಬಲು ನಾನಿದ್ದೇನೆ.

ಅದಕ್ಕೂ ಕೆಲವು ದಿನ ಮುಂಚೆ, ಬೆಳಕು ಹರಿಯುವ ಹೊತ್ತು. ಕಿಂಡಿ ಅಣೆಕಟ್ಟಿನ ಮೇಲಿನ ಕಾಲುಸಂಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೂರಣ್ಣ ಕಬ್ಬಿಣದ ಕೊಕ್ಕೆಗೆ ಎಣ್ಣೆ ಸವರುತ್ತಿದ್ದಾರೆ. ಒಂದು ಬದಿ ಸಿಹಿನೀರು, ಇನ್ನೊಂದು ಬದಿ ಉಪ್ಪುನೀರು. ನಡುವೆ ಇರುವುದು ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಇಳಿಸಿದ ಹಲಗೆ ಮಾತ್ರ. ಮಳೆಗಾಲ ಮುಗಿದ ಮೇಲೆ ಅವನ್ನು ಕಿಂಡಿಗಳಿಗೆ ಇಳಿಸುವುದು, ಮಳೆಗೆ ಮುಂಚೆ ಎಳೆದು ತೆಗೆಯುವುದು ಸೂರಣ್ಣನ ಕೆಲಸ. ಹಲಗೆ ಸೋರಿದರೆ ಬಾವಿಗಳಿಗೆ ಉಪ್ಪು ಹತ್ತುತ್ತದೆ. ತೆಗೆಯುವುದು ತಡವಾದರೆ ಮೇಲಿನ ಗದ್ದೆ ಮುಳುಗುತ್ತದೆ.

"ನೀರ್ ಕುಡ್ದ್ ಉಬ್ಬಿದ ಹಲ್ಗಿ ಸುಲಭದಾಗೆ ಬತ್ತಿಲ್ಲೆ ಮರ್ರೆ" ಎಂದು ಬಲಗೈ ಚಾಚುತ್ತಾರೆ. ಎರಡು ಬೆರಳು ಮಡಚುವುದಿಲ್ಲ. ಹಲಗೆ ಮತ್ತು ಕಂಬದ ಸಂದಿಗೆ ಸಿಕ್ಕಿದ ಬೆರಳುಗಳು. ನನ್ನ ಬೆರಳಾಗಿದ್ದರೆ ಅವುಗಳ ಮೇಲೆ ನಮ್ಮ ಪೇಪರಿನಲ್ಲಿ ಮೂರು ಸಂಚಿಕೆ ಬರೆಯುತ್ತಿದ್ದೆ. ಅವರು ಕೊಕ್ಕೆಯ ಕಡೆ ತಿರುಗುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಕೆಲಸವಿಲ್ಲ; ಕೋಡಿಗೆ ಹೋಗಿ ಬಲೆ ಹೊಲಿಯುತ್ತಾರೆ.

ಈ ಕೆಲಸದಲ್ಲೊಂದು ಪೇಚಿದೆ. ಉಬ್ಬರದ ಹೊತ್ತಿನಲ್ಲಿ ಹಲಗೆ ಎಳೆದರೆ ಉಪ್ಪುನೀರು ಒಳಗೆ ನುಗ್ಗೀತು, ಇಳಿತಕ್ಕೇ ಕಾಯಬೇಕು. ಆದರೆ ಕೆಳಗಿನ ಹೊಳೆಯಲ್ಲಿ ಚಿಪ್ಪು ಹೆಕ್ಕುವವರು ನೀರಿಗಿಳಿಯುವುದೂ ಇಳಿತದಲ್ಲೇ. ಹಲಗೆ ಎಳೆದರೆ ಕಟ್ಟಿದ ನೀರು ನುಗ್ಗುವುದು ಅವರ ಮೇಲೆಯೇ. ಹೊಳೆ ತಿರುಗುವ ಜಾಗದಿಂದಾಚೆ ಅವರು ಅಣೆಕಟ್ಟಿಗೆ ಕಾಣುವುದಿಲ್ಲ. ಕಾಣುವುದು ಅವರು ದಡದಲ್ಲಿ ಬಿಟ್ಟುಹೋದ ಚಪ್ಪಲಿಗಳು. ಸೂರಣ್ಣ ಮೊದಲು ದಡಕ್ಕಿಳಿದು "ಹ್ವಾಯ್" ಎಂದು ಕೂಗುತ್ತಾರೆ. ಒಬ್ಬೊಬ್ಬರೇ ಬಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಒಂದು ಜೋಡಿ ಉಳಿದರೂ ಹಲಗೆ ಮೇಲೆ ಬರುವುದಿಲ್ಲ.

ಯಾಕೆ ಹೀಗೆ ಎಂದು ಕೇಳಿದೆ. ಅವರು ಕೊಕ್ಕೆ ಕೆಳಗಿಟ್ಟರು.

"ನಾಗ ಅಂದೇಳಿ ಒಬ್ಬ ಇದ್ದಿದ್ದ. ದಿನಾ ನನ್ನೊಟ್ಟಿಗೆ ಚಾ ಕುಡೀತಿದ್ದ. ಆವತ್ತ್ ಮೇಲಿನ ಗದ್ದಿಯೋರ್ ಗಡಿಬಿಡಿ ಮಾಡ್ರ್, ನಾನ್ ಹಲ್ಗಿ ಎಳ್ದೆ. ಅವ ಕೆಳ್ಗೆ ಇದ್ದದ್ದ್ ನಂಗೆ ಗೊತ್ತಿಲ್ಲೆ. ಅವನ ಚಪ್ಪಲ್ ಮಾತ್ರ ದಡದಗೇ ಇತ್ತ್. ಮಳಿಗಾಲದ ನೆರೆ ಬಂದ್ ತಕಂಡ್ ಹೋಪಲ್ಲಿವರೆಗೂ ಅಲ್ಲೇ ಇತ್ತ್."

ಇಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ಇನ್ನು ಆ ಮೇ ತಿಂಗಳ ಬೆಳಿಗ್ಗೆ. ಮೇಲೆ ಘಟ್ಟದಲ್ಲಿ ಇಡೀ ರಾತ್ರಿ ಮಳೆ. ಹೊಳೆ ಕೆಂಪಾಗಿ ಏರುತ್ತಿದೆ. ಕಟ್ಟಿನ ಮೇಲ್ಬದಿಯಲ್ಲಿ ಸುಗುಣಕ್ಕನ ಕಲ್ಲಂಗಡಿ ಗದ್ದೆ. ಹಣ್ಣು ಕೊಯ್ಯಲು ಇನ್ನೆರಡೇ ದಿನ. ಚಿಪ್ಪು ಹೆಕ್ಕುವವರೆಲ್ಲ ಮೇಲೆ ಬಂದು ಹೋಗಿದ್ದಾರೆ. ಆದರೆ ದಡದ ಕಲ್ಲಿನ ಮೇಲೆ ಒಂದು ಜೋಡಿ ಚಪ್ಪಲಿ ಉಳಿದಿದೆ.

"ಸೂರಣ್ಣಾ, ನೀರ್ ಗದ್ದಿ ಅಂಚಿಗ್ ಬಂತ್! ಎಳಿ ಮರಾಯಾ!" ಸುಗುಣಕ್ಕನ ಕೂಗು.

"ಆತಿಲ್ಲ ಸುಗುಣಕ್ಕಾ. ಜನ ಇತ್ತ್."

"ಎಲ್ಲಿತ್ತ್ ಜನ? ಬರೀ ಚಪ್ಪಲ್ ಕಂಡ್ ನನ್ನ ಬೆಳಿ ಮುಳುಗ್ಸ್ತ್ಯಾ?"

ಸೂರಣ್ಣ ಬಿದಿರಿನ ಗಳ ಹಿಡಿದು ಕಟ್ಟಿನ ಕೆಳಬದಿಯಲ್ಲಿ ಎದೆಮಟ್ಟದ ನೀರಿಗೆ ಇಳಿದರು. ಜೊತೆ ಕೆಲಸದ ರಾಜೇಂದ್ರ ದೋಣಿ ಬಿಟ್ಟರು. ಹುಡುಕುತ್ತಿದ್ದದ್ದು ಹೆಣವನ್ನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೂರಣ್ಣ ಗಳವನ್ನು ನೀರಿನ ತಳಕ್ಕೆ ಊರುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು.

ಅಷ್ಟೊತ್ತಿಗೆ ನಾನು ಬಂದೆ. ಬಂದವನು ಸುಮ್ಮನಿರಲಿಲ್ಲ. ಗಂಗೊಳ್ಳಿಯ ಅಳಿವೆಯನ್ನು ನೆರೆಯಲ್ಲಿ ಈಜಿ ದಾಟಿದವನು ನಾನು ಎಂದು ಕೂಗಿ ಹೇಳಿದೆ, ರಾಜೇಂದ್ರರಿಗೆ ಎಡಕ್ಕೆ ಹುಟ್ಟು ಹಾಕಿ ಎಂದೆ, ಬಲಕ್ಕೆ ಎಂದೆ. ಇಡೀ ಹುಡುಕಾಟದ ದಂಡನಾಯಕ ನಾನೇ. ಆಗ ಸುಗುಣಕ್ಕ ಮಾತು ನಿಲ್ಲಿಸಿ ನನ್ನ ಪಾದ ನೋಡಿದರು.

"ಹ್ವಾಯ್ ಪೇಪರ್‌ನೋರೇ, ನಿಮ್ ಚಪ್ಪಲ್ ಎಲ್ಲಿತ್ತ್?"

ಫೋಟೊ ತೆಗೆಯಲು ನಸುಕಿನಲ್ಲಿ ನೀರಿನಂಚಿಗೆ ಇಳಿದಿದ್ದೆ. ಮಳೆ ಬಂತೆಂದು ಬರಿಗಾಲಲ್ಲಿ ಓಡಿ, ಸಂಕ ದಾಟಿ, ಆಚೆ ದಡದ ಪಂಪ್ ಶೆಡ್ಡಿನಲ್ಲಿ ಕೂತಿದ್ದೆ. ಅಲ್ಲಿ ಕೂತಲ್ಲೇ ನಿದ್ದೆ ಬಂದಿತ್ತು. ಎದ್ದು ಬಂದಾಗ ಕಲ್ಲಿನ ಮೇಲಿನ ಚಪ್ಪಲಿ ನನ್ನದೆಂದು ಗುರುತು ಹತ್ತಲಿಲ್ಲ ಎಂದು ಬರೆಯಬಹುದಿತ್ತು. ಹತ್ತಿತ್ತು. ಆದರೆ ಅಷ್ಟೂ ಜನರ ಎದುರು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಅಷ್ಟು ಕೂಗಾಟ. ಗಂಗೊಳ್ಳಿ ಅಳಿವೆಯನ್ನೂ ನಾನು ಈಜಿಲ್ಲ. ನನಗೆ ಈಜು ಬರುವುದಿಲ್ಲ.

ಹೊಳೆಯನ್ನು ನಾನು ನಿಲ್ಲಿಸಿದ್ದು ಹೀಗೆ.

ಕೊನೆಗೆ ಕಲ್ಲಿನ ಮೇಲಿನ ಚಪ್ಪಲಿಯ ಕಡೆ ಬೆರಳು ಮಾಡಿದೆ. ಸೂರಣ್ಣ ನೀರಿನಿಂದ ಮೇಲೆ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಒದ್ದೆ ಕೈಯಿಂದ ನನ್ನ ಭುಜ ಒತ್ತಿ ನೋಡಿದರು. "ನೀವ್ ಇದ್ರಲೆ. ಸಾಕ್" ಎಂದವರೇ ಕೊಕ್ಕೆ ತೆಗೆದುಕೊಂಡು ಸಂಕ ಹತ್ತಿದರು. ಮೊದಲ ಹಲಗೆ ನರಳುತ್ತಾ ಮೇಲೆ ಬಂತು. ಆ ಹೊತ್ತಿಗೆ ಸುಗುಣಕ್ಕನ ಗದ್ದೆಯ ಕೆಳಗಿನ ಸಾಲುಗಳಲ್ಲಿ ಹಣ್ಣು ತೇಲುತ್ತಿತ್ತು.

"ಬರಿಯುದಾರೆ ನಿಜವೇ ಬರೀಕ್" ಎಂದರು ಸುಗುಣಕ್ಕ. ಬರೆದಿದ್ದೇನೆ ಅಕ್ಕಾ.

ನಿಮಗೇನು ಬೇಕು ಎಂದು ಸೂರಣ್ಣನನ್ನು ಕೊನೆಗೆ ಕೇಳಿದೆ. "ಒಂದ್ ಸೈರನ್ ಕೊಟ್ರೆ ಆಯ್ತ್. ತಿರುವಿನ ಆಚಿಗೂ ಕೇಣ್ಕ್. ನನ್ನ ಗಂಟ್ಲ್ ಇನ್ನ್ ಎಷ್ಟ್ ವರ್ಷ ಬತ್ತ್?"

ಹೊರಟೆ. ಹಿಂದಿನಿಂದ ಅದೇ ಗಂಟಲು ಕೂಗಿತು: "ಹ್ವಾಯ್! ಚಪ್ಪಲ್ ಹಾಕಂಡ್ ಹೋಯ್ನಿ!"