ಒಲೆಯಿಲ್ಲದ ನಾಲ್ಕು ದಿನ

ಅನುಮಾನವೇ ನನ್ನ ಹೊಟ್ಟೆಪಾಡು. ಗೋವಾದ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ, ಹೊರಗಿನಿಂದ ಬಂದ ಮಾಲು ಸರಿಯಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುವುದು ನನ್ನ ಕೆಲಸ. ಡಬ್ಬದ ಮೇಲೆ ಬರೆದದ್ದನ್ನೆಲ್ಲ ನಂಬುವವನಿಗೆ ಆ ಕುರ್ಚಿಯಲ್ಲಿ ಜಾಗವಿಲ್ಲ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಆ ಗುಣ ಮನೆಗೂ ಬಂದುಬಿಟ್ಟಿದೆ. ತರಕಾರಿಯವಳು ತಾನಾಗಿಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ತಳದಲ್ಲಿ ಏನು ಕೊಳೆತಿದೆ ಎಂದು ಚೀಲ ಬಗ್ಗಿಸಿ ನೋಡುತ್ತೇನೆ. ನನ್ನ ಹೆಂಡತಿ ಇದಕ್ಕೆ ಒಗ್ಗಿಹೋಗಿದ್ದಾಳೆ. "ನಿಮ್ಮ ಮುಂದ ದೇವರು ಪ್ರತ್ಯಕ್ಷ ಆದರೂ ಆಧಾರ್ ಕಾರ್ಡ್ ಕೇಳ್ತೀರಿ" ಎನ್ನುತ್ತಾಳೆ.

ಇಂಥವನ ಕೈಗೆ ರಜೆಯ ಜಾಗ ಆರಿಸುವ ಕೆಲಸ ಕೊಟ್ಟದ್ದು ನನ್ನ ಅಕ್ಕನ ಮನೆಯವರು. ಧಾರವಾಡದಲ್ಲಿ ಭಾವನವರು ಸರಕಾರಿ ನೌಕರಿಯಿಂದ ನಿವೃತ್ತರಾದರು. ಆ ಸಂತೋಷಕ್ಕೆ ಅಕ್ಕ, ಭಾವ, ಅವರ ಮಗ, ಸೊಸೆ, ಆರು ವರ್ಷದ ಮೊಮ್ಮಗಳು, ಜೊತೆಗೆ ನಾವಿಬ್ಬರು, ಎಲ್ಲ ಸೇರಿ ಗೋವಾದಲ್ಲಿ ನಾಲ್ಕು ದಿನ ಕಳೆಯುವುದೆಂದು ತೀರ್ಮಾನವಾಯಿತು. ಪಣಜಿಯ ನಮ್ಮ ಮನೆ ಎರಡು ಖೋಲಿಯದು, ಅಲ್ಲಿ ಏಳು ಜನ ಕಾಲು ಚಾಚಿ ಮಲಗುವುದು ಆಗದ ಮಾತು. ಅಕ್ಕನ ಮಗ ಫೋನಿನಲ್ಲಿ ಎರಡು ಜಾಗ ನೋಡಿ ಕಳಿಸಿದ. ಒಂದು, ಮಡಗಾಂವ್‌ನಿಂದ ಆಚೆ ಒಂದು ಹಳ್ಳಿಯಲ್ಲಿದ್ದ ವಿಲ್ಲಾ. ಇಡೀ ಮನೆ ನಮ್ಮದೇ, ಸ್ವಂತ ಈಜುಕೊಳ, ಸ್ವಂತ ಅಡಿಗೆಮನೆ. ಇನ್ನೊಂದು, ಸಮುದ್ರದ ದಂಡೆಯ ರಿಸಾರ್ಟು. ತಿಂಡಿ, ಊಟ, ಚಹಾ ಎಲ್ಲ ಅವರದೇ, ಕೈಗೊಂದು ಪಟ್ಟಿ ಕಟ್ಟುತ್ತಾರೆ, ಆ ಪಟ್ಟಿ ಇದ್ದವರು ಬೇಕಾದಾಗ ಬೇಕಾದ್ದನ್ನು ತಿನ್ನಬಹುದು. "ಮಾಮಾ ಅಲ್ಲೇ ಇರ್ತಾರಲ್ಲ, ಕಣ್ಣಾರೆ ನೋಡಿ ಹೇಳ್ತಾರ" ಎಂದು ನನ್ನ ತಲೆಗೆ ಕಟ್ಟಿದರು.

ಈ ಕತೆಯಲ್ಲಿ ನಿಜವಾಗಿ ಏನಾದರೂ ಕಳೆದುಕೊಳ್ಳುವುದಿದ್ದರೆ ಅದು ಅಕ್ಕನಿಗೆ. ಆಕೆಗೆ ನಾಲ್ಕು ದಿನ ಒಲೆಯ ಮುಂದೆ ನಿಲ್ಲದೆ ಇರಬೇಕಾಗಿತ್ತು. ಅಷ್ಟೇ. ಮದುವೆಯಾಗಿ ಮೂವತ್ತೇಳು ವರ್ಷಗಳಲ್ಲಿ ಅದು ಒಮ್ಮೆಯೂ ಸಾಧ್ಯವಾಗಿರಲಿಲ್ಲ. ಇದನ್ನು ಇವತ್ತು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಆಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲದರಲ್ಲೂ ಹುಳುಕು ಹುಡುಕುವ ನನಗೆ ಅದು ಹೊಳೆಯಲೂ ಇಲ್ಲ.

ಹೊಳೆಯದಿರಲು ಕಾರಣವಿತ್ತು. ನಮ್ಮ ಮನೆತನದವರು ಯಾವ ಊರಿಗೆ ಹೋದರೂ ಮೊದಲು ಕೇಳುವುದು ಅಡಿಗೆಮನೆ. ಮಹಾಬಳೇಶ್ವರಕ್ಕೆ ಹೋದಾಗ ಕಣಿವೆ ಕಾಣುವ ಖೋಲಿ ಬಿಟ್ಟು, ಗ್ಯಾಸಿನ ಒಲೆ ಇರುವ ಖೋಲಿ ಹಿಡಿದೆವು. ಜೋಳದ ಹಿಟ್ಟು, ಶೇಂಗಾ ಚಟ್ನಿ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು, ಇಷ್ಟು ನಮ್ಮ ಜೊತೆ ಊರೂರು ತಿರುಗುತ್ತವೆ. ಹೊರಗಿನ ಊಟ ಎರಡನೇ ದಿನಕ್ಕೆ ಸೇರುವುದಿಲ್ಲ ಎಂದು ಭಾವನವರು ಹೊಟ್ಟೆ ಸವರಿಕೊಳ್ಳುತ್ತಾರೆ, ಅಕ್ಕ ಸೆರಗು ಸಿಕ್ಕಿಸಿ ರೊಟ್ಟಿ ಬಡಿಯಲು ನಿಲ್ಲುತ್ತಾಳೆ, ನಾವೆಲ್ಲ ಬಿಸಿ ಬಿಸಿ ತಿಂದು "ಮನಿ ಊಟದ ಹಂಗ ಯಾವುದೂ ಇಲ್ಲ ಬಿಡ್ರಿ" ಎಂದು ತೇಗುತ್ತೇವೆ. ತೇಗಿದವರಲ್ಲಿ ನಾನೂ ಒಬ್ಬ.

ಮೊದಲು ರಿಸಾರ್ಟಿನ ಮೇಲೆ ಅನುಮಾನ ಬಂತು. ಎಲ್ಲಾ ಸೇರಿದೆ ಎನ್ನುತ್ತಾರೆ, ಎಲ್ಲಾ ಎಂದರೆ ಏನೇನು? ಫೋನು ಮಾಡಿ ಕೇಳಿದೆ. ಎಳನೀರು? ಅದು ಬೇರೆ. ಸಂಜೆಯ ಭಜಿ? ಅದು ಸೇರಿದೆ. ಮಿರ್ಚಿ ಭಜಿಯೋ, ಬಟಾಟೆ ಭಜಿಯೋ? ಫೋನೆತ್ತಿದ ಹುಡುಗಿ, ಕೇಳಿ ಹೇಳುತ್ತೇನೆ ಎಂದಳು. ಮೀನಿನ ಸಾರಿನ ಸೌಟು, ನಮ್ಮ ಬೇಳೆಸಾರಿನ ಸೌಟು ಬೇರೆ ಬೇರೆಯೋ ಎಂದು ಕೇಳಿದ್ದಕ್ಕೆ "ಖಂಡಿತ ಸರ್" ಎಂದಳು. ಅಷ್ಟು ಬೇಗ ಖಂಡಿತ ಎಂದವರನ್ನು ನಾನು ಕಾರ್ಖಾನೆಯಲ್ಲಿ ಬಹಳ ನೋಡಿದ್ದೇನೆ. ಕೈಗೆ ಕಟ್ಟುವ ಪಟ್ಟಿಯಂತೂ ನನ್ನ ಮನಸ್ಸಿಗೆ ಬರಲೇ ಇಲ್ಲ. ಪಟ್ಟಿ ಕಟ್ಟುವುದು ಆಸ್ಪತ್ರೆಯಲ್ಲಿ.

ಇದರ ನಡುವೆ ಅಕ್ಕನ ಫೋನುಗಳು ಶುರುವಾದವು. ಮಧ್ಯಾಹ್ನ ಭಾವನವರು ಮಲಗಿದ ಹೊತ್ತು ನೋಡಿ, ಮೆಲುದನಿಯಲ್ಲಿ ಮಾತಾಡುತ್ತಿದ್ದಳು.

"ತಮ್ಮಾ, ಆ ರಿಸಾರ್ಟದಾಗ ಖೋಲ್ಯಾಗ ಗ್ಯಾಸ್ ಇರೂದಿಲ್ಲ, ಹೌದಿಲ್ಲೊ?"

"ಇಲ್ಲಕ್ಕ."

"ಇಂಡಕ್ಷನ್ ಒಲಿ?"

"ಅದೂ ಇಲ್ಲ. ಚಹಾ ಕಾಸೂ ಕೆಟಲ್ ಅಷ್ಟ ಐತಿ."

"ನಾವು ಕೇಳಿದ್ರ ಒಲಿ ಕೊಡ್ತಾರೇನು?"

"ಯಾಕ ಕೊಡ್ತಾರ? ಕೊಡಂಗಿಲ್ಲ."

"ಹೌದಾ?" ಎಂದು ಆಕೆ ಫೋನು ಇಟ್ಟಳು. ಎರಡು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿದಳು. ನನಗೆ ಅನುಮಾನ ಬಲವಾಯಿತು. ಅಕ್ಕ ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ಡಾಕ್ಟರು ಪಥ್ಯ ಹೇಳಿರಬೇಕು, ಅದಕ್ಕೇ ಒಲೆ ಬೇಕು, ನಮಗೆ ಗಾಬರಿಯಾಗಬಾರದೆಂದು ಹೇಳುತ್ತಿಲ್ಲ. ಹೆಂಡತಿಗೆ ಹೇಳಿದೆ. "ನೆಟ್ಟಗ ಆಕಿನ್ನ ಕೇಳ್ರಿ" ಎಂದಳು. ನೆಟ್ಟಗೆ ಕೇಳುವುದು ನನ್ನ ಪದ್ಧತಿಯಲ್ಲ. ಮಾಲು ತಂದವನನ್ನೇ ಕೇಳಿದರೆ ಅವನು ಚಲೋ ಎನ್ನದೆ ಮತ್ತೇನಂತಾನೆ? ಸುತ್ತುಬಳಸಿ ನಾನೇ ಕಂಡುಹಿಡಿಯಬೇಕು. ಹಾಗೆ ನಾನು ಕಂಡುಹಿಡಿದದ್ದು ಏನೆಂದರೆ, ಅಕ್ಕನಿಗೆ ಅಡಿಗೆಮನೆ ಬೇಕೇ ಬೇಕು, ಆದ್ದರಿಂದ ವಿಲ್ಲಾನೇ ಸರಿ!

ಆದರೂ ಕಣ್ಣಾರೆ ನೋಡದೆ ಹೂಂ ಎನ್ನುವವನಲ್ಲ. ಒಂದು ರವಿವಾರ ಬೆಳಿಗ್ಗೆ ಅಳತೆಯ ಟೇಪು ಕಿಸೆಯಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ವಿಲ್ಲಾಕ್ಕೆ ಹೋದೆ. ಫೋಟೋದಲ್ಲಿ ಕೆರೆಯಷ್ಟು ಕಂಡ ಈಜುಕೊಳ ನನ್ನ ಹನ್ನೊಂದು ಹೆಜ್ಜೆಗೆ ಮುಗಿಯಿತು. ಯಾರೋ ನೆಲಕ್ಕೆ ಮಲಗಿ ಫೋಟೋ ತೆಗೆದಿದ್ದರು. ಬಾಗಿಲು ತೆರೆದು ತೋರಿಸಿದವಳು ಐವತ್ತರ ಹತ್ತಿರದ ಹೆಂಗಸು, ಮನೆ ನೋಡಿಕೊಳ್ಳುವ ಕೆಲಸದವಳು. ಮೊದಲು ಹಿಂದಿಯಲ್ಲಿ ಮಾತಾಡಿದಳು, ನನ್ನ ಹಿಂದಿ ಕೇಳಿ ನಕ್ಕಳು.

"ನಮ್ಮ ಕಡೀಯವ್ರ ಅದೀರಿ ಅಲ್ರಿ? ನಮ್ದು ವಿಜಯಪುರ ಕಡೀರಿ. ಇಲ್ಲಿ ಮಡಗಾಂವ್‌ದಾಗ ಮೋತಿ ಡೊಂಗರ ಅನ್ನೂ ಓಣ್ಯಾಗ ಇರ್ತೇವಿ, ದಿನಾ ಬಸ್ಸಿಗೆ ಬರ್ತೇನಿ."

ಅವಳು ಮಲಗುವ ಖೋಲಿ, ಮೊಗಸಾಲೆ ಎಲ್ಲ ತೋರಿಸಿ ಕೊನೆಗೆ ಅಡಿಗೆಮನೆಗೆ ಕರೆದೊಯ್ದಳು. ಅಲ್ಲಿ ನಾನು ಹುಳುಕು ಹುಡುಕಿ ಸೋತೆ. ನಾಲ್ಕು ಒಲೆಯ ಗ್ಯಾಸು, ಮಿಕ್ಸರು, ಏಳು ಜನಕ್ಕೆ ಸಾಕಾಗುವ ಪಾತ್ರೆಗಳು. ಮೇಲಿನ ಕಪಾಟು ತೆರೆದಳು. ಒಂದರ ಮೇಲೊಂದು ಮೂರು ರೊಟ್ಟಿ ಹಂಚು ಇದ್ದವು.

"ಇವು ಇಲ್ಲಿ ಹೆಂಗ ಬಂದ್ವು?"

"ನಮ್ಮ ಕಡೀಯವ್ರು ತರ್ತಾರ, ಹೋಗಾಗ ಮರತು ಹೋಗ್ತಾರ್ರಿ. ನಿಮ್ಮ ಮನ್ಯಾಗ ಅಡಿಗಿ ಯಾರು ಮಾಡವ್ರು?"

"ನಮ್ಮ ಅಕ್ಕ. ಆಕಿಗೆ ಅಡಿಗಿ ಅಂದ್ರ ಭಾಳ ಪ್ರೀತಿ."

"ಅವರು ಹಂಗಂದಾರೇನ್ರಿ?"

ನಾನು ಟೇಪು ತೆಗೆದು ಒಲೆಯ ಕಟ್ಟೆ ಅಳೆಯತೊಡಗಿದೆ. ಅವಳು ಹಂಚುಗಳನ್ನು ಒರೆಸಿ ಮತ್ತೆ ಒಳಗಿಡುತ್ತ ಹೇಳಿದಳು: "ಹ್ವಾದ ತಿಂಗಳ ಒಂದು ಮನಿಯವ್ರು ಬಂದಿದ್ರು. ನಾಕು ದಿನ ಇದ್ರು. ಅವರ ಮನಿ ಹಿರೇ ಹೆಣ್ಣಮಗಳು ಗಾಡಿ ಹತ್ತೂ ಮುಂದ ನನ್ನ ಕೇಳಿದ್ರು, ಸಮುದ್ರ ಯಾವ ಕಡಿಗೆ ಬರ್ತೈತಿ ಅಂತ."

ನನಗೆ ಮೊದಲು ಬಂದದ್ದು ಅನುಮಾನವೇ. ತನ್ನ ಮಾಲಕರ ಮನೆಯನ್ನು ಯಾರಾದರೂ ಹೀಗೆ ಕೆಡಿಸಿ ಹೇಳುತ್ತಾರೆಯೇ? ಇವಳಿಗೂ ರಿಸಾರ್ಟಿನವರಿಗೂ ಏನಾದರೂ ಒಳಗಿಂದೊಳಗೆ ಇದೆಯೋ? ಅಥವಾ ನಾವು ಬಾರದಿದ್ದರೆ ಪಾತ್ರೆ ತಿಕ್ಕುವ ಕೆಲಸ ತಪ್ಪೀತೆಂದೋ? ಅವಳ ಮುಖ ನೋಡಿದೆ. ಕಪಾಟಿನ ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ, ಅದನ್ನು ಒತ್ತಿ ಹಿಡಿದು ಚಿಲಕ ಹಾಕುತ್ತಿದ್ದಳು, ಅಷ್ಟೇ.

ಹಿಂದಿರುಗುವಾಗ ಜುವಾರಿ ಸೇತುವೆಯ ಮೇಲೆ ಅಕ್ಕನ ಪ್ರಶ್ನೆಗಳು ಒಂದೊಂದಾಗಿ ನೆನಪಾದವು. ಗ್ಯಾಸ್ ಇರೂದಿಲ್ಲ ಹೌದಿಲ್ಲೊ? ಕೇಳಿದ್ರ ಕೊಡ್ತಾರೇನು? ಇಲ್ಲ ಎಂದಾಗ ಆಕೆ "ಹೌದಾ" ಎಂದದ್ದು ಬೇಜಾರಿನ ದನಿಯಲ್ಲಿ ಅಲ್ಲ. ಆಕೆ ಒಲೆ ಹುಡುಕುತ್ತಿರಲಿಲ್ಲ, ಒಲೆ ಇಲ್ಲವೆಂಬುದನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಸೇತುವೆ ದಾಟಿ ಸ್ಕೂಟರು ನಿಲ್ಲಿಸಿದೆ. ನನಗೆ ನಾಚಿಕೆಯಾಯಿತು. ಸೌಟಿನ ಮೇಲೆ, ಫೋಟೋದ ಮೇಲೆ, ಪಾಪ, ಆ ಕೆಲಸದವಳ ಮೇಲೆ ಅನುಮಾನಪಟ್ಟವನು, ನನ್ನ ತಾಟಿಗೆ ಬಿದ್ದ ಬಿಸಿ ರೊಟ್ಟಿಯನ್ನು ಮಾತ್ರ ಒಮ್ಮೆಯೂ ತಪಾಸಣೆ ಮಾಡಿರಲಿಲ್ಲ.

ಅವತ್ತೇ ಎಲ್ಲರಿಗೂ ವಾಟ್ಸಪ್ಪಿನಲ್ಲಿ ಬರೆದೆ: ವಿಲ್ಲಾ ನನಗೇಕೋ ಸರಿ ಅನ್ನಿಸಲಿಲ್ಲ, ರಿಸಾರ್ಟಿಗೆ ಹೋಗೋಣ. ಯಾಕೆ ಏನು ಎಂದು ಯಾರೂ ಕೇಳಲಿಲ್ಲ. ನಾನು ಸರಿ ಅನ್ನಿಸಲಿಲ್ಲ ಎಂದರೆ ಅದಕ್ಕೆ ಕಾರಣ ಬೇಕಿಲ್ಲ, ನನ್ನ ಹೆಸರು ಅಷ್ಟು ಕೆಟ್ಟಿದೆ. ಭಾವನವರು ಮಾತ್ರ ಫೋನು ಮಾಡಿ "ಅಡಿಗಿ ಮನಿ ಇಲ್ಲದ ಕಡೆ ನಾಕು ದಿನ ಹೆಂಗಪಾ?" ಎಂದು ನಿಟ್ಟುಸಿರುಬಿಟ್ಟರು. ಅಕ್ಕ "ನನಗ ಎರಡೂ ನಡೀತಾವ" ಎಂದು ಬರೆದಳು.

ರಿಸಾರ್ಟಿನಲ್ಲಿ ಇಳಿದ ದಿನ ಭಾವನವರ ಒಂದು ಚೀಲ ಎತ್ತಿದೆ. ಬಟ್ಟೆಯ ಚೀಲ ಇಷ್ಟು ಭಾರ ಯಾಕಿರಬೇಕು? ನೆಲಕ್ಕಿಟ್ಟಾಗ ಒಳಗೆ ಠಣ್ ಎಂದಿತು. ಭಾವನವರು ಸರಕ್ಕನೆ ಬಂದು ಚೀಲ ಇಸಿದುಕೊಂಡರು. ನಾನು ಆ ಚೀಲದ ಮೇಲೆ ಒಂದು ಕಣ್ಣಿಟ್ಟೆ.

ಕೈಗೆ ನೀಲಿ ಪಟ್ಟಿ ಕಟ್ಟಿಸಿಕೊಂಡ ಅಕ್ಕ ಮೊದಲ ದಿನ ಬಹಳ ಮುಜುಗರಪಟ್ಟಳು. ಯಾರೋ ತಟ್ಟೆ ತಂದಿಟ್ಟರೆ ಎದ್ದು ನಿಲ್ಲುತ್ತಿದ್ದಳು. ನಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಎಲ್ಲಿ ಒಯ್ಯಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು. ಎರಡನೇ ದಿನ ಬೆಳಿಗ್ಗೆ ತೆಂಗಿನ ಮರದ ಕೆಳಗೆ ಒಂದು ಕುರ್ಚಿ ಹಿಡಿದು ಕೂತಳು. ಚಹಾ ಬಂತು, ಕುಡಿದಳು. ಮತ್ತೊಂದು ಬೇಕೆಂದು ಕೇಳಿದಳು, ಅದೂ ಬಂತು. ಆಕೆ ಬಿಸಿಯಿರುವಾಗಲೇ ಚಹಾ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು ಇರಬೇಕು.

ಅಂದು ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಆಕೆಯ ಸುತ್ತ ಕೂತಿದ್ದಾಗ ಭಾವನವರು ಹೊಟ್ಟೆ ಸವರಿಕೊಂಡರು. ಎರಡನೇ ದಿನವಲ್ಲವೇ? ಖೋಲಿಗೆ ಹೋಗಿ ಆ ಚೀಲ ತಂದರು. ಜೋಳದ ಹಿಟ್ಟಿನ ಪೊಟ್ಟಣ ಹೊರಬಂತು, ಅದರ ಹಿಂದೆ ಹಂಚು.

"ಇವರ ಅಡಿಗಿ ಮನ್ಯಾಗ ಒಂದು ಮಾತು ಕೇಳಿ ಬಾರಪಾ," ಎಂದು ನನಗೆ ಹೇಳಿದರು. "ನಿಮ್ಮಕ್ಕ ರಾತ್ರಿ ಊಟಕ್ಕ ಒಂದು ಹತ್ತು ರೊಟ್ಟಿ ಬಡದು ಬರ್ತಾಳ. ಅರ್ಧಾ ತಾಸಿನ ಕೆಲಸ."

ಅಕ್ಕ ಹಂಚನ್ನು ನೋಡಿದಳು. ಕೈಯಲ್ಲಿದ್ದ ಚಹಾದ ಕಪ್ಪನ್ನು ಬದಿಗಿಟ್ಟು, ರೂಢಿಯಂತೆ ಸೆರಗು ಸರಿಮಾಡಿಕೊಂಡಳು. ನನಗೆ ಭಾವನವರ ಮೇಲೆ ಸಿಟ್ಟು ಬಂತು.

ಅಡಿಗೆಮನೆಗೆ ಹೋದೆ. ಹಿರಿಯ ಅಡಿಗೆಯವರು ಕಾರವಾರದ ಕಡೆಯವರು. ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ, "ಅದಕ್ಕೇನು ಸರ್, ಮೂರು ಗಂಟೆ ಮೇಲೆ ಬರಲಿ. ಒಂದು ಒಲೆ ಖಾಲಿ ಮಾಡಿ ಕೊಡ್ತೇನೆ. ನಮಗೂ ಒಂದು ರೊಟ್ಟಿ ಸಿಗಬಹುದಲ್ಲ?" ಎಂದರು. ಈ ಮಾತಿನಲ್ಲಿ ಎಲ್ಲಿ ಹುಳುಕಿದೆ ಎಂದು ಹುಡುಕಿದೆ. ಇರಲಿಲ್ಲ. ಇಷ್ಟು ದಿನದ ಓಡಾಟದಲ್ಲಿ ನನಗೆ ಯಾರಾದರೂ ಸೀದಾ, ಚೊಕ್ಕ ಉತ್ತರ ಕೊಟ್ಟಿದ್ದರೆ ಅದು ಅವರೊಬ್ಬರೇ. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

"ಬಿಡಂಗಿಲ್ಲಂತ್ರಿ," ಎಂದೆ ಭಾವನವರಿಗೆ. "ಹೊರಗಿನವ್ರು ಒಳಗ ಕಾಲಿಡಂಗಿಲ್ಲಂತ. ರೂಲ್ಸ್ ಭಾಳ ಬಿರುಸು."

"ಸರಿಯಾಗಿ ಕೇಳ್ದಿ?"

"ಎರಡ ಸಲ ಕೇಳ್ದೆ ನೋಡ್ರಿ."

ಭಾವನವರು ಹಿಟ್ಟಿನ ಪೊಟ್ಟಣದ ಬಾಯಿಗೆ ಮತ್ತೆ ರಬ್ಬರು ಹಾಕಿ, ಎಂಥಾ ಜನಪಾ ಎನ್ನುತ್ತ ಚೀಲ ಎತ್ತಿಕೊಂಡು ಖೋಲಿಗೆ ಹೋದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವಾಗ ನಾನು ಕಿವಿ ತುರಿಸಿಕೊಳ್ಳುತ್ತೇನೆ, ಅದು ನನ್ನನ್ನು ಎತ್ತಿ ಆಡಿಸಿದ ಆಕೆಗೆ ಗೊತ್ತು. ನನ್ನ ಕೈ ಆಗಲೇ ಕಿವಿಯ ಮೇಲಿತ್ತು.

"ಖರೇನ?" ಎಂದಳು.

"ಖರೇ ಅಕ್ಕ."

ಆಕೆ ಕಪ್ಪಿನಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದಳು. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದು, ಮೊಮ್ಮಗಳನ್ನು ಕೂಗಿ ಕರೆದು, ಉಸುಕಿನಲ್ಲಿ ನೀರಿನ ಕಡೆ ನಡೆದಳು. ಹತ್ತು ಹೆಜ್ಜೆ ಹೋದವಳು ತಿರುಗಿ ನಿಂತು ನನಗೆ ಹೇಳಿದಳು:

"ಇನ್ನೊಮ್ಮೆ ಹೋಗಿ ಕೇಳಬ್ಯಾಡ ಮತ್ತ."