ರೈಸ್ ಕುಕ್ಕರ್ ರೋಮಿಗೆ ಹೋದದ್ದು

ರೋಮಿಗೆ ಹೋಗುತ್ತೇವೆ ಎಂದು ನಾವು ಬಾಯಿ ಬಿಟ್ಟದ್ದೇ ತಡ, ಕೆನಡಾದಲ್ಲಿ ಮಾರ್ಕಮ್‌ನಿಂದ ಬ್ರ್ಯಾಂಪ್ಟನ್‌ವರೆಗೆ ಗೊತ್ತಿದ್ದವರೆಲ್ಲ ಫೋನ್ ಮಾಡಿ ಬುದ್ಧಿ ಹೇಳಲು ಶುರು ಮಾಡಿದರು. ಜೇಬುಗಳ್ಳರಿದ್ದಾರೆ, ಬ್ಯಾಗನ್ನು ಹೊಟ್ಟೆಯ ಮೇಲೆ ಹಾಕಿಕೊಳ್ಳಿ. ಯಾರಾದರೂ ಗುಲಾಬಿ ಕೊಟ್ಟರೆ ಮುಟ್ಟಬೇಡಿ, ಆಮೇಲೆ ದುಡ್ಡಿಗೆ ಗಂಟುಬೀಳುತ್ತಾರೆ. ದೊಡ್ಡ ಚೌಕಗಳಲ್ಲಿ ಹೋಟೆಲಿನವರು ಕುರ್ಚಿ ಹಾಕಿರುತ್ತಾರಲ್ಲ, ಅಲ್ಲಿ ಮಾತ್ರ ಕೂರಬೇಡಿ, ಕೂತರೆ ಜೇಬಿಗೆ ಕತ್ತರಿ. ಇವರಲ್ಲಿ ಒಬ್ಬರು ರೋಮ್ ನೋಡಿದ್ದು ವಿಮಾನ ನಿಲ್ದಾಣದ ಗಾಜಿನಿಂದ, ಅದೂ ಬೆಂಗಳೂರಿಗೆ ಹೋಗುವಾಗ ಫ್ಲೈಟ್ ತಪ್ಪಿ. ಎಲ್ಲರಿಗಿಂತ ಜಾಸ್ತಿ ಮಾತಾಡಿದವರು ಅವರೇ.

ನನ್ನ ಚಿಂತೆ ಕಳ್ಳರದ್ದಾಗಿರಲಿಲ್ಲ, ಅತ್ತೆಯದಾಗಿತ್ತು. ಅವರು ಮೈಸೂರಿನಿಂದ ಬಂದು ಮಿಸಿಸಾಗಾದ ಮೆಡೋವೇಲ್‌ನ ನಮ್ಮ ಮನೆಯಲ್ಲಿ ನೆಲೆಸಿ ಆರು ವರ್ಷವಾಗಿತ್ತು. ನೆಂಟರು ಬಂದಾಗಲೆಲ್ಲ ಅವರ ಜೊತೆ ನಯಾಗರಾಕ್ಕೆ ಹೋಗಿ ಬಂದದ್ದು ಬಿಟ್ಟರೆ ಬೇರೇನೂ ನೋಡಿರಲಿಲ್ಲ. ಒಂದು ದಿನ ಟೀವಿಯಲ್ಲಿ ರೋಮಿನ ಕಾರಂಜಿಗಳನ್ನು ನೋಡಿ, "ಇಲ್ಲಿಗೊಂದ್ಸಲ ಹೋಗ್ಬೇಕು ಕಣೇ" ಎಂದರು. ಆರು ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹಾಗಾಗಿ ಹೇಗಾದರೂ ಮಾಡಿ ಆ ಪ್ರವಾಸ ಅವರಿಗೆ ಸುಖವಾಗಿರಬೇಕು ಎಂಬ ಹಟ ನನಗೆ. ಆದರೆ ಅವರು ಹೊರಗೆ ಊಟ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅನ್ನವಿಲ್ಲದೆ ಒಂದು ಹೊತ್ತು ಕಳೆದದ್ದನ್ನೂ ನೋಡಿರಲಿಲ್ಲ. ಅಲ್ಲಿ ಉಪವಾಸ ಬಿದ್ದು ತಲೆ ತಿರುಗಿದರೆ ಏನು ಗತಿ ಎಂದು ನಿದ್ದೆ ಬರುತ್ತಿರಲಿಲ್ಲ.

"ಅಮ್ಮನಿಗೋಸ್ಕರ ರೈಸ್ ಕುಕ್ಕರೇ ತಗೊಂಡ್ ಹೋಗ್ಬಿಡೋಣ. ಅಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ, ಎಲ್ಲ" ಎಂದರು ಇವರು. ಇವರು ಎಂದರೆ ನನ್ನ ಗಂಡ, ಎಲೆಕ್ಟ್ರಿಕಲ್ ಎಂಜಿನಿಯರ್. ಅತ್ತೆ ಏನೋ ಹೇಳಲು ಬಾಯಿ ತೆರೆದರು. "ನಿಂಗೇನೂ ತೊಂದರೆ ಆಗಲ್ಲ, ಸುಮ್ನಿರಮ್ಮ" ಎಂದು ಇವರು ಕುಕ್ಕರಿನೊಳಗೆ ಸೋನಾ ಮಸೂರಿ ತುಂಬಿದರು.

ರೋಮಿನಲ್ಲಿ ಬಾಡಿಗೆಗೆ ಹಿಡಿದ ಮನೆ ಸೆಕೆಂಡ್ ಫ್ಲೋರಿನಲ್ಲಿತ್ತು. ಲಿಫ್ಟಿಲ್ಲ. ಕಲ್ಲು ಹಾಸಿದ ಬೀದಿಯಲ್ಲಿ ಅಷ್ಟು ಹೊತ್ತಿಗೆ ಸೂಟ್‌ಕೇಸಿನ ಒಂದು ಚಕ್ರ ಕಿತ್ತುಹೋಗಿತ್ತು. ಕೆನಡಾದಲ್ಲಿ ನೆಲದ ಮಟ್ಟದ್ದೇ ಫಸ್ಟ್ ಫ್ಲೋರ್ ತಾನೇ? ಇವರು ಅದೇ ಲೆಕ್ಕದಲ್ಲಿ ಒಂದು ಮಹಡಿ ಹತ್ತಿ, ಎದುರಿನ ಬಾಗಿಲಿಗೆ ಬೀಗದ ಕೈ ಹಾಕಿ ತಿರುಗಿಸಿದ್ದೇ ತಿರುಗಿಸಿದ್ದು. ಬಾಗಿಲು ತೆರೆಯಿತು. ತೆರೆದವನು ಬನಿಯನ್ ತೊಟ್ಟ ಒಬ್ಬ ಇಟಾಲಿಯನ್ ಅಜ್ಜ. ಅವನು ಎರಡೂ ಕೈ ಬೀಸುತ್ತಾ ಏನೇನೋ ಬೈದು, ಕೊನೆಗೆ ಮೇಲಕ್ಕೆ ಬೆರಳು ತೋರಿಸಿದ.

"ನಮ್ ಮೈಸೂರಲ್ಲೂ ಹಿಂಗೇ ಅಲ್ವೇನೋ, ಗ್ರೌಂಡ್ ಫ್ಲೋರ್ ಲೆಕ್ಕಕ್ಕಿಲ್ಲ. ಕೆನಡಾಕ್ಕೆ ಬಂದು ಎಣಿಸೋದೂ ಮರೆತ್ಯಾ?" ಎಂದರು ಅತ್ತೆ.

ಮನೆ ಸೇರಿದ್ದೇ ನಾವಿಬ್ಬರೂ ಮಂಚದ ಮೇಲೆ ಬಿದ್ದುಕೊಂಡೆವು. ಅತ್ತೆ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದರು. ಇವರು ಎದ್ದು ಬಂದು, ಪ್ಲಗ್ಗಿಗೆ ಹೊಸ ಅಡಾಪ್ಟರ್ ಸಿಕ್ಕಿಸಿ, "ನೋಡಮ್ಮ, ಎಲ್ಲಾ ಪ್ಲ್ಯಾನ್ ಮಾಡಿದೀನಿ" ಎಂದು ಸ್ವಿಚ್ ಒತ್ತಿದರು. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಇಡೀ ಮನೆ ಕತ್ತಲಾಯಿತು.

ಇಟಲಿಯ ಕರೆಂಟು ಇಂಡಿಯಾದ್ದರಂತೆಯೇ, ಹೆಚ್ಚು ವೋಲ್ಟೇಜಿನದು. ಕೆನಡಾದ್ದು ಅದರ ಅರ್ಧ. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ಕರೆಂಟನ್ನಲ್ಲ. ಇದನ್ನು ನನಗೆ ಕಲಿಸಿದವರೂ ಇವರೇ. ಮದುವೆಯ ಹೊಸತರಲ್ಲಿ ನಾನು ಮೈಸೂರಿನಿಂದ ಹೊತ್ತು ತಂದ ಮಿಕ್ಸಿ ಮಿಸಿಸಾಗಾದಲ್ಲಿ ಗೊರಗೊರ ಎಂದು ನಿಂತುಹೋದಾಗ, ವೋಲ್ಟೇಜಿನ ಬಗ್ಗೆ ಚಿತ್ರ ಬರೆದು ಪಾಠ ಮಾಡಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಫ್ಯೂಸ್ ಸರಿಮಾಡಿದ್ದಾಯಿತು, ಆದರೆ ಕುಕ್ಕರ್ ಏಳಲಿಲ್ಲ. ಅತ್ತೆ ಬೆಳಗ್ಗಿನಿಂದ ಏನೂ ತಿಂದಿಲ್ಲ. ಹತ್ತಿರದ ಚೌಕದಲ್ಲಿ ಕಾರಂಜಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ, "ಎಲ್ಲೂ ಹೋಗ್ಬೇಡಿ ಅತ್ತೆ, ಅನ್ನ ತಗೊಂಡು ಬಂದ್ಬಿಡ್ತೀವಿ" ಎಂದು ನಾವು ಓಡಿದೆವು. ಗಲ್ಲಿ ಗಲ್ಲಿ ಅಲೆದು, ಕೊನೆಗೆ ಒಬ್ಬ ಬಾಂಗ್ಲಾದೇಶಿಯ ಹೋಟೆಲಿನಲ್ಲಿ ಅನ್ನ, ದಾಲ್ ಕಟ್ಟಿಸಿಕೊಂಡು ಬೆವರು ಸುರಿಸುತ್ತಾ ವಾಪಸು ಬಂದರೆ ಕಟ್ಟೆ ಖಾಲಿ. ಆ ಊರಿನಲ್ಲಿ ಕಾರಂಜಿಯ ಕಟ್ಟೆಯ ಮೇಲೆ ಕೂರುವುದೇ ತಪ್ಪಂತೆ, ಇದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ಪೊಲೀಸಿನವನು ಸೀಟಿ ಊದಿ ಅತ್ತೆಯನ್ನು ಎಬ್ಬಿಸಿದ್ದ.

ಎಬ್ಬಿಸಿದ ಮೇಲೆ ಅವರು ನೇರವಾಗಿ ಹೋಗಿ ಕೂತಿದ್ದು ಎದುರಿನ ಕುರ್ಚಿಗಳಲ್ಲಿ, ಕೂರಲೇಬೇಡಿ ಎಂದು ಎಲ್ಲರೂ ಹೇಳಿದ್ದ ಕುರ್ಚಿಗಳಲ್ಲಿ. ಮುಂದೆ ಬೋಗುಣಿಯಷ್ಟು ದೊಡ್ಡ ತಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫೋರ್ಕಿಗೆ ಸ್ಪಗೆಟ್ಟಿ ಸುತ್ತುತ್ತಿದ್ದರು.

"ಶಾವಿಗೆ ಚೆನ್ನಾಗಿ ಮಾಡ್ತಾರೆ ಕಣೇ. ಟೊಮೆಟೊ ಗೊಜ್ಜು ಹಾಕಿ ಕಲಸಿದಾರೆ."

"ಅದ್ರಲ್ಲಿ ಏನೇನ್ ಹಾಕಿರ್ತಾರೋ ಅಮ್ಮ!" ಎಂದರು ಇವರು.

"ನೋ ಮೀಟ್, ನೋ ಫಿಶ್, ನೋ ಎಗ್ ಅಂದೆ. ಆ ಹುಡುಗನಿಗೆ ಅರ್ಥ ಆಯ್ತು."

ಬಿಲ್ಲು ನೋಡಿ ಇವರು ಒಂದು ಲೋಟ ನೀರು ಕುಡಿದರು. ಆ ನೀರಿಗೂ ಬಿಲ್ಲು ಬಂತು.

ಮುಂದೆ ವಾರವಿಡೀ ಅತ್ತೆ ದಿನಕ್ಕೊಂದು ಬಗೆಯ ಶಾವಿಗೆ ತಿಂದರು, ಕೋನ್ ಐಸ್ ಕ್ರೀಮ್ ಹಿಡಿದು ಬೀದಿಯಲ್ಲಿ ನಡೆದರು. ಚರ್ಚಿನ ಬಾಗಿಲಲ್ಲಿ ತೋಳಿಲ್ಲದ ಟಾಪ್ ಹಾಕಿದ್ದಕ್ಕೆ ನನ್ನನ್ನು ತಡೆದಾಗ ತಮ್ಮ ಶಾಲು ಹೊದಿಸಿ ಒಳಗೆ ಕರೆದುಕೊಂಡು ಹೋದರು. ಅನ್ನ ಅನ್ನ ಎಂದು ಒದ್ದಾಡಿದವರು ನಾವಿಬ್ಬರೇ. ಬಾಂಗ್ಲಾದೇಶದವನಿಗೆ ನಮ್ಮ ಮುಖ ಪರಿಚಯವಾಗಿಬಿಟ್ಟಿತ್ತು.

ವಾಪಸು ಬಂದ ಮೇಲೆ ಒಂದು ಶನಿವಾರ ಮಾರ್ಕಮ್‌ನಲ್ಲಿರುವ ಇವರ ಸ್ನೇಹಿತನೊಬ್ಬ ಹೆಂಡತಿ ಮತ್ತು ತಾಯಿಯ ಜೊತೆ ಊಟಕ್ಕೆ ಬಂದ. ಮುಂದಿನ ತಿಂಗಳು ಅವರೂ ರೋಮಿಗೆ ಹೊರಟಿದ್ದರು. ಅತ್ತೆ ಬಿಸಿಬೇಳೆಬಾತ್ ಮಾಡಿದ್ದರು. ಯಾವ ಯಾವ ತಪ್ಪು ಮಾಡಬಾರದು ಎಂದು ಇವರ ಭಾಷಣ ಶುರುವಾಯಿತು. ಮಹಡಿ, ನೀರು, ಕಟ್ಟೆ, ವೋಲ್ಟೇಜು.

"ವೋಲ್ಟೇಜಿಂದೇನೂ ಪ್ರಾಬ್ಲಮ್ ಇಲ್ಲ. ಎರಡೂ ಕಡೆ ನಡೆಯೋ ಕುಕ್ಕರ್ ತಗೊಂಡಿದೀವಿ. ಅಮ್ಮನಿಗೆ ಅನ್ನ ಇಲ್ದಿದ್ರೆ ಆಗಲ್ವಲ್ಲ" ಎಂದ ಸ್ನೇಹಿತ.

ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದು ಅಲ್ಲೇ ನಿಂತರು.

"ನಂಗೂ ಹಂಗೇ ಅಂದ್ರಪ್ಪ. ಮದುವೆ ಆದಾಗಿಂದ ಎರಡು ಹೊತ್ತೂ ಅನ್ನಕ್ಕಿಟ್ಟಿದೀನಿ. ಒಂದು ವಾರನಾದ್ರೂ ಯಾರೋ ಮಾಡಿ ಬಡಿಸಿದ್ದನ್ನ ಕೂತ್ಕೊಂಡು ತಿನ್ನೋಣ ಅಂತ ಹೊರಟ್ರೆ, ಇವ್ರು ಅಡುಗೆಮನೇನೇ ಹೊತ್ಕೊಂಡು ನನ್ ಹಿಂದೆ ಬಂದ್ರು. ಇಳಿದ ದಿನವೇ ಅಲ್ಲೂ ಅಕ್ಕಿ ತೊಳೆದೆ. ಅದು ಟಪ್ ಅಂದಾಗ ದೇವರೇ ಕಣ್ಬಿಟ್ಟ ಅಂದ್ಕೊಂಡೆ."

ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ, ಸಹಜವಾಗಿ ಹೇಳಿದರು. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು. ನನ್ನ ತಟ್ಟೆಯಲ್ಲಿದ್ದದ್ದು ಅವರು ಮಾಡಿದ ಬಿಸಿಬೇಳೆಬಾತ್, ಎರಡನೇ ಸಲ ಹಾಕಿಸಿಕೊಂಡದ್ದು. ಇವರು ತಲೆ ತಗ್ಗಿಸಿ ಬೂಂದಿ ಹೆಕ್ಕುತ್ತಿದ್ದರು.

ಸೋಫಾದ ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದ ಸ್ನೇಹಿತನ ತಾಯಿ ತಟ್ಟೆ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ಆ ಕುಕ್ಕರ್ ನಾಳೆನೇ ರಿಟರ್ನ್ ಮಾಡ್ಬಿಡೋ. ಬಿಲ್ಲು ನನ್ ಹತ್ರನೇ ಇದೆ."