ಅಕ್ಕನ ಫೋಲ್ಡರಿನಲ್ಲಿದ್ದ ಪೈಥಾನ್

ವೈಟ್‌ಫೀಲ್ಡಿನ ಆಫೀಸಿನಲ್ಲಿ ಅವರು ನನ್ನ ಪಕ್ಕದ ಸೀಟಿನವರು. ಹಾವೇರಿ ಕಡೆಯವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಮೊದಲ ದಿನ ನಾನು ಮೇಡಂ ಅಂದಿದ್ದಕ್ಕೆ, "ಮೇಡಂ ಅನಬ್ಯಾಡೋ, ಸಾಲಿ ನೆನಪಾಗ್ತದ. ಅಕ್ಕಾ ಅನ್ನು" ಅಂದಿದ್ದರು. ಡಿಪ್ಲೊಮಾ ಮುಗಿಸಿ ಬಂದ ನನಗೆ ಕೂತು ಕೆಲಸ ಕಲಿಸಿದ್ದು ಅವರೊಬ್ಬರೇ.

ನಮ್ಮದು ಬಿಲ್ಡ್ ವಿಭಾಗ. ಬೇರೆಯವರು ಬರೆದ ಕೋಡನ್ನು ಎತ್ತಿಕೊಂಡು, ಪರೀಕ್ಷೆ ನಡೆಸಿ, ಗ್ರಾಹಕರಿಗೆ ಕಳಿಸುವ ಹಾಗೆ ಕಟ್ಟಿಕೊಡುವ ಒಂದು ಟೂಲ್ ಇತ್ತು. ಅದಕ್ಕೆ ಜಾವಾ ಎಂಬ ಕೋಡಿನ ಭಾಷೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಆ ವರ್ಷ ಎರಡು ತಂಡಗಳು ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆಯತೊಡಗಿದವು. ಟೂಲಿಗೆ ಪೈಥಾನನ್ನೂ ಹೊಂದಿಸಿಕೊಡಿ ಎಂದು ಮ್ಯಾನೇಜರು ನಮ್ಮಿಬ್ಬರಿಗೆ ಹೇಳಿದರು.

ಅಕ್ಕ ಬಿಲ್ಡ್ ಮೆಷಿನ್ನಿನಲ್ಲಿ ತಮ್ಮ ಹೆಸರಿನ ಫೋಲ್ಡರಿನೊಳಗೆ ಪೈಥಾನ್ ಹಾಕಿಕೊಂಡು ಪ್ರಯತ್ನ ಶುರುಮಾಡಿದರು. ಅದು ಎಲ್ಲಿದೆ ಎಂದು ಟೂಲಿಗೆ ತಿಳಿಸಲು, ಅದು ಓದಿಕೊಳ್ಳುವ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು. ವಾರವಿಡೀ ಪರದೆಯ ಮೇಲೆ ಆಗಲಿಲ್ಲ ಎಂಬ ಕೆಂಪು ಗುರುತು ಬಂದು, ಒಂದು ಮಧ್ಯಾಹ್ನ ಹಸಿರಾಯಿತು.

"ಕೋಣನ ಮುಂದ ಕಿನ್ನರಿ ಬಾರ್ಸಿ ಬಾರ್ಸಿ, ಕೊನೀಗೆ ಕೋಣ ತಲಿ ಆಡಿಸ್ತು ನೋಡು" ಎಂದು ನಕ್ಕರು. ಆಮೇಲೆ, "ಇದು ಬರೇ ಪ್ರಯೋಗಕ್ಕ. ಎಲ್ಲಾರಿಗೂ ಸೇರಿದ ಜಾಗದಾಗ ಬ್ಯಾರೆ ಪೈಥಾನ್ ಹಾಕಿ ಆ ಸಾಲು ಬದ್ಲಿ ಮಾಡು. ಮರೀಬ್ಯಾಡ ತಮ್ಮಾ."

"ಮಾಡ್ತೀನಿ ಅಕ್ಕಾ."

ಮಾಡಲಿಲ್ಲ. ಮರೆತೂ ಇರಲಿಲ್ಲ. ಶುಕ್ರವಾರ ಗ್ರಾಹಕರಿಗೆ ಕಳಿಸುವ ರಿಲೀಸ್ ಇತ್ತು. ಓಡುತ್ತಿರುವುದನ್ನು ಮುಟ್ಟಬಾರದು ಎಂಬುದು ನಮ್ಮವರ ಪದ್ಧತಿ. ಆ ಸಾಲನ್ನು ಹಾಗೇ ಎರಡೂ ತಂಡಗಳ ಪ್ರಾಜೆಕ್ಟುಗಳಿಗೆ ನಕಲು ಮಾಡಿ, ಅಕ್ಕನಿಗೆ ಆಯ್ತು ಎಂದೆ. ಅವರು ನಂಬಿದರು.

ಎರಡು ತಿಂಗಳಾದ ಮೇಲೆ ಜ್ವರವೆಂದು ರಜೆ ಹಾಕಿದವರು ಒಂಬತ್ತನೇ ದಿನ ತೀರಿಕೊಂಡರು. ಅವರ ಊರಿಗೆ ಹೋಗಿ ಮಣ್ಣು ಹಾಕಿ ಬಂದೆ. ನಾನು ವಾಪಸು ಬರುವ ಹೊತ್ತಿಗೆ ಅವರ ಲಾಗಿನ್ ತೆಗೆದಿದ್ದರು. ಕಂಪನಿ ಬಿಟ್ಟವರ ಫಾರಂ ಒಂದೇ. ರಾಜೀನಾಮೆ ಕೊಟ್ಟವರಿಗೂ ಸತ್ತವರಿಗೂ ಅದರಲ್ಲಿ ಬೇರೆ ಬೇರೆ ಕಾಲಂ ಇರಲಿಲ್ಲ. ಲಾಗಿನ್ ಜೊತೆ ಫೋಲ್ಡರ್ ಹೋಯಿತು, ಫೋಲ್ಡರಿನ ಜೊತೆ ಪೈಥಾನ್. ಎರಡೂ ತಂಡಗಳ ಬಿಲ್ಡ್‌ಗಳು ಒಟ್ಟಿಗೆ ಕೆಟ್ಟು ನಿಂತವು.

ಮ್ಯಾನೇಜರು ಪರದೆಯ ಮೇಲೆ ಅಕ್ಕನ ಹೆಸರಿದ್ದ ಆ ಸಾಲು ನೋಡಿದರು. "ಪಾಪ, ಒಳ್ಳೇವ್ರಿದ್ರು. ಆದ್ರೆ ಇದೇನ್ರೀ? ಊರಿಗೆಲ್ಲ ನೀರು ಕೊಡೋ ಬೋರ್‌ವೆಲ್ಲನ್ನ ಸ್ವಂತ ಹಿತ್ಲಲ್ಲಿ ಕೊರೆಸಿದಂಗಾಯ್ತಲ್ಲ!" ಸಾಲಿನಲ್ಲಿ ಹೆಸರು ಅವರದಿದ್ದುದರಿಂದ, ಅದನ್ನು ಅಲ್ಲಿ ಬಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬ, "ಗುರು, ಆಯಮ್ಮ ಹೋಗ್ತಾ ಬಿಲ್ಡನ್ನೂ ಕರ್ಕೊಂಡ್ಹೋದ್ರು ಕಣೋ" ಎಂದ. ಸುತ್ತ ಕೂತವರು ನಕ್ಕರು. ನಾನೂ ಸ್ವಲ್ಪ ನಕ್ಕೆ.

ತಪ್ಪಿನ ವರದಿ ಬರೆಯುವ ಕೆಲಸ ನನಗೇ ಬಂತು. ನನ್ನ ನೌಕರಿ ಕಾಯಂ ಆಗಲು ಇನ್ನೊಂದು ತಿಂಗಳಿತ್ತು. ಮೂಲ ಕಾರಣ ಎಂಬಲ್ಲಿ, ಹಿಂದಿನ ಎಂಜಿನಿಯರ್ ವೈಯಕ್ತಿಕ ಫೋಲ್ಡರ್ ಬಳಸಿದ್ದರು ಎಂದು ಬರೆದೆ. ಆ ವಾಕ್ಯದಲ್ಲಿ ಸುಳ್ಳು ಹುಡುಕಿದರೂ ಸಿಗುವುದಿಲ್ಲ. ಹಾಗೆಂದೇ ಬರೆದದ್ದು.

ಕಾಯಂ ಆಯಿತು. ಅದಾಗಿ ಬಹಳ ದಿನಗಳ ಮೇಲೆ ಮ್ಯಾನೇಜರ ಬಳಿ ಹೋಗಿ, "ಸಾರ್, ಆ ಸಾಲು ಬದಲಾಯಿಸದೆ ಬಿಟ್ಟೋನು ನಾನು. ಅವರು ಹೇಳಿದ್ರು, ನಾನು ಮಾಡ್ಲಿಲ್ಲ" ಎಂದೆ.

ಅವರು ಫೋನಿನಿಂದ ತಲೆ ಎತ್ತಿದರು. "ಕ್ಲೋಸ್ ಆಗಿರೋದನ್ನ ಯಾಕ್ರೀ ಮತ್ತೆ ತೆಗೀತೀರ? ಅವರಿಗೆ ಈಗ ಇದ್ರಿಂದ ಏನ್ ತೊಂದ್ರೆ, ಹೇಳಿ?"

ನಾನು ಎದ್ದು ಬಂದೆ.

ಹೊಸದಾಗಿ ಸೇರಿದವರಿಗೆ, ಹೀಗೆ ಮಾಡಬಾರದು ಎಂಬುದಕ್ಕೆ ಈಗಲೂ ಆ ವರದಿಯನ್ನೇ ತೋರಿಸುತ್ತಾರೆ. ತೋರಿಸುವವನು ನಾನು.